ಬೆಟ್ಟ ಇಳಿದ ತೊಡೆ

ಆಷಾಢದ ಎರಡನೇ ಶುಕ್ರವಾರ ನಮ್ಮ ಅತ್ತಿಗೆ ಚಾಮುಂಡಿ ಬೆಟ್ಟ ಹತ್ತಿದರು. ಬರಿದೆ ಹತ್ತಲಿಲ್ಲ. ಹರಕೆಯಿತ್ತು, ಹಾಗಾಗಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಹತ್ತಿದರು. ಮೆಟ್ಟಿಲು ಸಾವಿರದೆಂಟು ಎನ್ನುವುದು ವಾಡಿಕೆ. ಎಣಿಸಿದವರ ಲೆಕ್ಕ ಒಬ್ಬೊಬ್ಬರದು ಒಂದೊಂದು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಮೆಟ್ಟಿಲುಗಳಿವು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ದರ್ಶನ ಮುಗಿಸಿ ಹೊರಗೆ ಬಂದರೆ, ಕೆಳಗಿಳಿಯುವ ಬಸ್ಸಿನ ಸಾಲು ದೇವಸ್ಥಾನದ ಸಾಲಿಗಿಂತ ಉದ್ದವಿತ್ತಂತೆ. ಮೆಟ್ಟಿಲಲ್ಲೇ ಇಳಿದು ಬಂದರು. ಸಂಜೆ ಮನೆ ಸೇರಿದಾಗ ಮುಖದಲ್ಲಿ ದಣಿವಿಗಿಂತ ಗೆಲುವೇ ಹೆಚ್ಚಿತ್ತು.

ಶನಿವಾರ ಬೆಳಿಗ್ಗೆ ತೊಡೆ ಬಿಗಿದುಕೊಂಡಿತು. ಭಾನುವಾರದ ಹೊತ್ತಿಗೆ ಅವರು ಮನೆಯ ಮಹಡಿಯಿಂದ ಕಂಬಿ ಹಿಡಿದು, ಬೆನ್ನು ತಿರುಗಿಸಿ, ಹಿಂದುಹಿಂದಕ್ಕೆ ಇಳಿಯುತ್ತಿದ್ದರು. "ಹತ್ತುವಾಗ ಏನೂ ಆಗ್ಲಿಲ್ಲ ಕಣೋ. ತಾಯಿ ಕರ್ಕೊಂಡು ಹೋದ್ಲು, ವಾಪಸ್ ಬಿಡೋದು ಮರೆತ್ಲು," ಎಂದರು. ಕುರ್ಚಿಯಲ್ಲಿ ಕೂರಬೇಕಾದರೆ ಎರಡೂ ಕೈ ಊರಬೇಕು. ಕಕ್ಕಸಿನ ಕಷ್ಟ ಇಲ್ಲಿ ಬರೆಯುವುದು ಬೇಡ. ಅಣ್ಣ ಒಂದು ಕೈಯಲ್ಲಿ ಐಸ್ ಸುತ್ತಿದ ಟವೆಲ್ಲು, ಇನ್ನೊಂದರಲ್ಲಿ ನೋವಿನ ಮಾತ್ರೆ ಹಿಡಿದು ನಿಂತಿದ್ದ. ಪಕ್ಕದ ಮನೆಯವರು ಎಳ್ಳೆಣ್ಣೆ ಬಿಸಿ ಮಾಡಿ ತಂದಿದ್ದರು. ಜಿಮ್ಮಿಗೆ ಹೋಗುವ ಮಗ, "ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಅಮ್ಮ, ಎರಡು ದಿನ ನೀರು ಜಾಸ್ತಿ ಕುಡಿ, ಕರಗುತ್ತೆ," ಎಂದು ತೀರ್ಪು ಕೊಟ್ಟಿದ್ದ. ಈ ಮೂವರಲ್ಲಿ ಯಾರ ಮಾತು ಎಷ್ಟು ಸರಿ ಎಂದು ಹೇಳಬೇಕಾದರೆ ಮೊದಲು ತೊಡೆಯೊಳಗೆ ಇಳಿಯಬೇಕು.

ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳಿವೆ. ನಾಲ್ಕೂ ಕೆಳಗೆ ಒಂದಾಗಿ ಮಂಡಿಚಿಪ್ಪನ್ನು ಹಿಡಿಯುತ್ತವೆ. ವೈದ್ಯರು ಇವನ್ನು ಒಟ್ಟಾಗಿ ಕ್ವಾಡ್ರಿಸೆಪ್ಸ್ ಎನ್ನುತ್ತಾರೆ. ಗರಡಿಯ ಪೈಲ್ವಾನ ಅಖಾಡಕ್ಕಿಳಿದು ತೊಡೆ ತಟ್ಟುವಾಗ ಅಂಗೈ ಬೀಳುವುದು ಇವುಗಳ ಮೇಲೆಯೇ. ಮಡಿಸಿದ ಮಂಡಿಯನ್ನು ನೇರ ಮಾಡುವುದು ಇವುಗಳ ಕೆಲಸ. ಮೆಟ್ಟಿಲು ಹತ್ತುವಾಗ ಇವು ಕುಗ್ಗಿ, ಗಿಡ್ಡವಾಗಿ, ಮೈಭಾರವನ್ನು ಮೇಲಕ್ಕೆತ್ತುತ್ತವೆ. ಇಳಿಯುವಾಗ ಆಗುವುದು ಇದರ ತಿರುಗುಮುರುಗು. ಮಂಡಿ ಮಡಿಸುತ್ತ ಹೋಗುತ್ತದೆ, ಸ್ನಾಯು ಉದ್ದವಾಗುತ್ತ ಹೋಗುತ್ತದೆ. ಆದರೆ ಸಡಿಲ ಬಿಡುವಂತಿಲ್ಲ, ಬಿಟ್ಟರೆ ಮುಗ್ಗರಿಸಿ ಬೀಳುತ್ತೀರಿ. ಎಳೆಸಿಕೊಳ್ಳುತ್ತಲೇ ಬಿಗಿ ಹಿಡಿಯಬೇಕು. ಬಾವಿಯಿಂದ ಕೊಡ ಸೇದುವಾಗ ರಟ್ಟೆ ಸೋಲುತ್ತದೆ, ನಿಜ. ಆದರೆ ತುಂಬಿದ ಕೊಡ ಕೈಮೀರಿ ಕೆಳಗೆ ಜಾರುವಾಗ ಹಗ್ಗವನ್ನು ತಡೆದು ಹಿಡಿದವರ ಅಂಗೈ ನೋಡಿ, ಚರ್ಮವೇ ಕಿತ್ತು ಬಂದಿರುತ್ತದೆ.

ಇಳಿಯುವುದರಲ್ಲಿ ಒಂದು ಮೋಸವಿದೆ: ಅದು ಸುಲಭ ಅನ್ನಿಸುತ್ತದೆ. 1952ರಲ್ಲಿ ಅಬಟ್, ಬಿಗ್ಲಂಡ್, ರಿಚಿ ಎಂಬ ಮೂವರು ಲಂಡನ್ನಿನಲ್ಲಿ ಇದನ್ನು ಬಲು ಚಂದವಾಗಿ ತೋರಿಸಿದರು. ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಒಂದೇ ಚೈನಿನಿಂದ ಬಿಗಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಕಾಲಿನ ಮೇಲೂ ಬೀಳುವ ಬಲ ಒಂದೇ. ಆದರೆ ತುಳಿಯುವವರು ಏದುಸಿರು ಬಿಡುತ್ತಿದ್ದರೆ ತಡೆಯುವವರು ಆರಾಮಾಗಿ ಕೂತಿದ್ದರು. ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗಿಂತ ಹಲವು ಪಟ್ಟು ಕಡಿಮೆ. ರಾಯಲ್ ಸೊಸೈಟಿಯಲ್ಲಿ ನಡೆದ ಪ್ರದರ್ಶನದಲ್ಲಿ ಪುಟ್ಟ ಮೈಕಟ್ಟಿನ ಹೆಂಗಸೊಬ್ಬರು ದಢೂತಿ ಗಂಡಸನ್ನು ಹೀಗೆ ತಡೆದು ತಡೆದೇ ಸುಸ್ತು ಮಾಡಿದರು ಎಂದು ಶರೀರಶಾಸ್ತ್ರಜ್ಞರು ಇವತ್ತಿಗೂ ಮೆಲುಕು ಹಾಕುತ್ತಾರೆ.

ಖರ್ಚು ಕಡಿಮೆ ಆಗುವುದೇ ಇಲ್ಲಿ ಎಡವಟ್ಟು. ತಡೆಯುವ ಕೆಲಸಕ್ಕೆ ಸ್ನಾಯು ತನ್ನ ಎಳೆಗಳಲ್ಲಿ ಕೆಲವನ್ನಷ್ಟೇ ಹೂಡುತ್ತದೆ. ಹತ್ತು ಜನ ಹೊರಬೇಕಾದ ಪಲ್ಲಕ್ಕಿಯನ್ನು ನಾಲ್ಕೇ ಜನ ಹೊತ್ತ ಹಾಗೆ. ಉಸಿರು ಕಟ್ಟುವುದಿಲ್ಲ, ಬೆವರು ಹೆಚ್ಚು ಬರುವುದಿಲ್ಲ, ಸಾಕು ಎಂದು ಹೇಳುವವರು ಯಾರೂ ಇಲ್ಲ. ಹೊತ್ತ ನಾಲ್ವರ ಹೆಗಲು ಮಾತ್ರ ಒಳಗೊಳಗೇ ಸವೆಯುತ್ತಿರುತ್ತದೆ.

ಸ್ನಾಯುವಿನ ಒಂದೊಂದು ಎಳೆಯಲ್ಲೂ ಸಾರ್ಕೊಮಿಯರ್ ಎಂಬ ಪುಟ್ಟ ಘಟಕಗಳು ಸರಪಳಿಯ ಕೊಂಡಿಗಳಂತೆ ಸಾಲಾಗಿವೆ. ಒಂದರ ಉದ್ದ ಸುಮಾರು ಎರಡೂವರೆ ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನೊಳಗೆ ನಾನೂರು ಕೂರುತ್ತವೆ. ಬಿಗಿ ಹಿಡಿದಿರುವಾಗಲೇ ಎಳೆತ ಬಿದ್ದರೆ ಎಲ್ಲ ಕೊಂಡಿಗಳೂ ಸಮನಾಗಿ ಹಿಗ್ಗುವುದಿಲ್ಲ. ದುರ್ಬಲವಾದವು ಅತಿಯಾಗಿ ಹಿಗ್ಗಿ ಹರಿಯುತ್ತವೆ. ಮೆಟ್ಟಿಲಿಳಿದವರ ಕಾಲಿನಿಂದ ಚೂರು ಸ್ನಾಯು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರು 1980ರ ದಶಕದ ಸ್ವೀಡನ್ನಿನ ಸಂಶೋಧಕರು. ನೂಲು ಹಿಡಿದು ಎಳೆದಂತಿರಬೇಕಾದ ಅಡ್ಡಗೆರೆಗಳು ಅಲ್ಲಲ್ಲಿ ಅಂಕುಡೊಂಕಾಗಿ ಕದಡಿಹೋಗಿದ್ದವು. ಅತ್ತಿಗೆಯ ತೊಡೆಯೊಳಗೂ ಶುಕ್ರವಾರ ಮಧ್ಯಾಹ್ನ ಆದದ್ದು ಇದೇ. ನೋವು ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಇಲ್ಲಿ ಮಗನ ಲ್ಯಾಕ್ಟಿಕ್ ಆಸಿಡ್ ಮಾತಿಗೆ ಉತ್ತರ ಕೊಟ್ಟುಬಿಡೋಣ. ಲ್ಯಾಕ್ಟೇಟ್ ಹುಟ್ಟುವುದು ಹೌದು, ಅದೂ ಏದುಸಿರು ಬಿಟ್ಟು ಹತ್ತುವಾಗ. ಆದರೆ ಬಿಡುವು ಸಿಕ್ಕ ಒಂದೆರಡು ಗಂಟೆಯೊಳಗೆ ಮೈ ಅದನ್ನು ಉರಿಸಿ ಮುಗಿಸಿರುತ್ತದೆ. ಭಾನುವಾರದ ತನಕ ಕಾಯುತ್ತ ಕೂರುವ ವಸ್ತುವಲ್ಲ ಅದು. 1983ರಲ್ಲಿ ಅಮೆರಿಕದ ಸಂಶೋಧಕರು ಕೆಲವರನ್ನು ಸಮತಟ್ಟಿನಲ್ಲಿ, ಕೆಲವರನ್ನು ಇಳಿಜಾರಿನಲ್ಲಿ ಓಡಿಸಿ ನೋಡಿದರು. ಸಮತಟ್ಟಿನಲ್ಲಿ ಓಡಿದವರ ರಕ್ತದಲ್ಲಿ ಲ್ಯಾಕ್ಟೇಟ್ ಏರಿತು, ಮಾರನೆಯ ದಿನ ನೋವಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ನೋವು ಚೆನ್ನಾಗಿಯೇ ಬಂತು. ಅದಕ್ಕೂ ಎಂಟು ದಶಕ ಮೊದಲು, 1902ರಲ್ಲೇ, ಥಿಯೋಡರ್ ಹಫ್ ಎಂಬ ಶರೀರಶಾಸ್ತ್ರಜ್ಞ ಈ ತಡವಾದ ನೋವು ಸ್ನಾಯುವಿನೊಳಗೆ ಎಳೆ ಹರಿದದ್ದರಿಂದ ಬರುವುದು ಎಂದು ಬರೆದಿದ್ದ. ನೂರು ವರ್ಷ ಕಳೆದರೂ ಜಿಮ್ಮುಗಳಲ್ಲಿ ಲ್ಯಾಕ್ಟಿಕ್ ಆಸಿಡ್ ಕಥೆ ಕರಗಿಲ್ಲ.

ಹರಿದ ಜಾಗಕ್ಕೆ ಮೊದಲು ಬರುವವರು ಬಿಳಿ ರಕ್ತಕಣಗಳು. ಹಾನಿಯಾದ ಎಳೆಗಳಿಂದ ಸೋರಿದ ರಾಸಾಯನಿಕಗಳ ಜಾಡು ಹಿಡಿದು ನ್ಯೂಟ್ರೊಫಿಲ್‌ಗಳು ಕೆಲವೇ ಗಂಟೆಗಳಲ್ಲಿ ಹಾಜರಾಗುತ್ತವೆ. ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗಿ, ನೀರು ಹೊರಗೆ ಜಿನುಗಿ, ಸ್ನಾಯು ಉಬ್ಬುತ್ತದೆ. ಒಂದೆರಡು ದಿನದಲ್ಲಿ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳ ಸರದಿ. ಮೊದಮೊದಲು ಇವು ಮುರುಕನ್ನೆಲ್ಲ ತಿಂದು ಜಾಗ ಚೊಕ್ಕ ಮಾಡುತ್ತವೆ. ಆಮೇಲೆ ಸ್ವಭಾವ ಬದಲಿಸಿಕೊಂಡು ಕಟ್ಟುವ ಕೆಲಸಕ್ಕೆ ನಿಲ್ಲುತ್ತವೆ. ಮದುವೆ ಮನೆಯಲ್ಲಿ ಎಲೆ ಎತ್ತಿದವರೇ ಮುಂದಿನ ಪಂಕ್ತಿಗೆ ಬಡಿಸಲು ನಿಂತ ಹಾಗೆ. ಅವುಗಳ ಸೂಚನೆಗೆ ಎಚ್ಚೆತ್ತುಕೊಳ್ಳುವುದು ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡೇ ನಿದ್ದೆ ಮಾಡುವ ಸ್ಯಾಟಲೈಟ್ ಕೋಶಗಳು. ಅಲೆಕ್ಸಾಂಡರ್ ಮೌರೊ 1961ರಲ್ಲಿ ಇವನ್ನು ಗುರುತಿಸಿದ. ಇವು ಒಡೆದು ಹೆಚ್ಚಾಗಿ, ಹರಿದ ಎಳೆಗೆ ಬೆಸೆದುಕೊಂಡು, ಅದನ್ನು ಮೊದಲಿಗಿಂತ ತುಸು ಗಟ್ಟಿಯಾಗಿಯೇ ಕಟ್ಟುತ್ತವೆ.

ಇಷ್ಟೆಲ್ಲ ನಡೆಯುವಾಗ ಹುಟ್ಟುವ ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್‌ನಂಥ ವಸ್ತುಗಳು ನೋವಿನ ನರತುದಿಗಳನ್ನು ಹುರಿಗೊಳಿಸುತ್ತವೆ. ಸುಮ್ಮನೆ ಕೂತರೆ ನೋವಿಲ್ಲ. ಒತ್ತಿದರೆ, ಎಳೆದರೆ ಜೀವ ಹೋಗುತ್ತದೆ. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯಲ್ಲಿ ಶುರುವಾಗಿ, ಎರಡು ಮೂರನೇ ದಿನ ತಾರಕಕ್ಕೇರಿ, ಐದರಿಂದ ಏಳು ದಿನದಲ್ಲಿ ಇಳಿಯುವ ಈ ನೋವಿನ ಪಂಚಾಂಗ ಬಹುತೇಕ ತಪ್ಪುವುದಿಲ್ಲ.

ಹರಿದ ಜಾಗದ ಈ ಗಡಿಬಿಡಿಗೆ ಕ್ರಿಸ್ತಶಕ ಮೊದಲ ಶತಮಾನದ ರೋಮಿನ ಸೆಲ್ಸಸ್ ನಾಲ್ಕು ಲಕ್ಷಣ ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ 'ಉರಿಯೂತ' ಅದರಲ್ಲಿ ಎರಡನ್ನು ಒಂದೇ ಪದದಲ್ಲಿ ಬೆಸೆದುಕೊಂಡಿದೆ. ಒಳ್ಳೆಯ ಪದ, ಆದರೆ ಅದು ಕಿವಿಗೆ ಬಿದ್ದೊಡನೆ ಆರಿಸಬೇಕಾದ ಬೆಂಕಿಯೊಂದು ಕಣ್ಣ ಮುಂದೆ ಬರುತ್ತದೆ. ಅಣ್ಣ ಐಸ್ ಹಿಡಿದು ಓಡಿ ಬಂದದ್ದೂ ಅದಕ್ಕೇ. ಅತ್ತಿಗೆಯ ತೊಡೆಯಲ್ಲಿ ಉರಿಯುತ್ತಿದ್ದದ್ದು ಅಡುಗೆ ಒಲೆ.

ಅಣ್ಣನನ್ನು ದೂರುವಂತಿಲ್ಲ. ಮೂರು ನಾಲ್ಕು ದಶಕ ಇಡೀ ಜಗತ್ತೇ ಹಾಗೆ ಮಾಡಿತು. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಕ್ರೀಡಾಗಾಯಗಳಿಗೆ ವಿಶ್ರಾಂತಿ, ಐಸು, ಬಿಗಿ ಪಟ್ಟಿ, ಕಾಲು ಎತ್ತರಿಸಿಡುವುದು ಎಂಬ ನಾಲ್ಕು ಸೂತ್ರ ಬರೆದ. ಇಂಗ್ಲಿಷಿನ ಮೊದಲಕ್ಷರಗಳು ಸೇರಿ 'ರೈಸ್' ಎಂದಾಯಿತು. ಅಕ್ಕಿಯಷ್ಟೇ ಮನೆಮಾತಾದ ಈ ಸೂತ್ರದ ಬಗ್ಗೆ ಅದೇ ಮಿರ್ಕಿನ್ 2014ರ ಸುಮಾರಿಗೆ, ಐಸೂ ಪೂರ್ತಿ ವಿಶ್ರಾಂತಿಯೂ ಮಾಯುವುದನ್ನು ತಡಮಾಡಬಹುದು ಎಂದು ಬರೆದ. ತನ್ನ ಹೆಸರು ತಂದುಕೊಟ್ಟ ಮಾತನ್ನು ತಾನೇ ತಿದ್ದಿಕೊಳ್ಳುವ ವೈದ್ಯರು ವಿರಳ; ನನಗೆ ಆತನ ಮೇಲೆ ಗೌರವ ಹುಟ್ಟಿದ್ದು ಆಗ.

ಹಾಗೆಂದು ಐಸ್ ವಿಷವಲ್ಲ. ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ಮಂಕಾಗುತ್ತದೆ, ಅಷ್ಟು ಹೊತ್ತು ಹಾಯೆನಿಸುತ್ತದೆ. ಪ್ರತಿದಿನ ವ್ಯಾಯಾಮ ಮುಗಿಸಿ ತಣ್ಣೀರ ತೊಟ್ಟಿಯಲ್ಲಿ ಮುಳುಗುವುದು ಬೇರೆ ಮಾತು. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಹನ್ನೆರಡು ವಾರ ಕಾಲಿನ ಕಸರತ್ತು ಮಾಡಿದವರ ಪೈಕಿ ತಣ್ಣೀರಲ್ಲಿ ಕೂತವರ ಸ್ನಾಯು ಕಡಿಮೆ ಬೆಳೆಯಿತು.

ಮಾತ್ರೆಯ ಕಥೆಯೂ ಹತ್ತಿರ ಹತ್ತಿರ ಇದೇ. ಡೆನ್ಮಾರ್ಕಿನವರು ಯುವಕರ ಒಂದು ತೊಡೆಗೆ ಉರಿಯೂತ ತಗ್ಗಿಸುವ ಔಷಧಿ ಹರಿಸಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡಕ್ಕೂ ತಡೆಯುವ ಕಸರತ್ತು ಮಾಡಿಸಿದರು. ಔಷಧಿ ಹೋದ ತೊಡೆಯಲ್ಲಿ ಸ್ಯಾಟಲೈಟ್ ಕೋಶಗಳು ಹೆಚ್ಚಲಿಲ್ಲ, ಹಾಗೇ ಬಿಟ್ಟದ್ದರಲ್ಲಿ ಹೆಚ್ಚಿದವು. ಒಂದು ಮಾತ್ರೆ ನುಂಗಿದರೆ ತೊಡೆ ಬಡವಾಗುತ್ತದೆ ಎಂದು ಇದರ ಅರ್ಥವಲ್ಲ. ರಾತ್ರಿ ನಿದ್ದೆಯೇ ಬಾರದಿದ್ದರೆ ಒಂದು ಪ್ಯಾರಸಿಟಮಾಲ್ ತೆಗೆದುಕೊಂಡರೆ ತಪ್ಪೇನಿಲ್ಲ. ನನ್ನ ತಕರಾರು ಡೈಕ್ಲೊಫಿನಾಕ್, ಐಬುಪ್ರೊಫೆನ್‌ಗಳನ್ನು ಮೆಡಿಕಲ್ ಶಾಪಿನಲ್ಲಿ ಪೆಪ್ಪರ್‌ಮೆಂಟಿನ ಹಾಗೆ ಕೇಳಿ ತರುವುದರ ಬಗ್ಗೆ. ದನಗಳಿಗೆ ಕೊಟ್ಟ ಡೈಕ್ಲೊಫಿನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಸಂತತಿಯನ್ನೇ ಬರಿದು ಮಾಡಿತು. 2006ರಲ್ಲಿ ಪಶುವೈದ್ಯಕೀಯಕ್ಕೆ ಅದನ್ನು ನಿಷೇಧಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಅಳಿದುಳಿದ ಹದ್ದುಗಳಿಗೆ ಕಾವಲು ಕೂರುವಂತಾಗಿದ್ದು ಈ ಹಿನ್ನೆಲೆಯಲ್ಲೇ. ನಾವು ಹದ್ದುಗಳಷ್ಟು ಸೂಕ್ಷ್ಮವಲ್ಲ, ಸರಿ. ಆದರೆ ಬೆವರು ಹರಿದು ನೀರು ಬತ್ತಿದ ಮೈಗೆ, ಸಕ್ಕರೆ ಕಾಯಿಲೆಯಿಂದ ಮೊದಲೇ ಸೋತ ಮೂತ್ರಪಿಂಡಕ್ಕೆ, ಹುಣ್ಣಿರುವ ಹೊಟ್ಟೆಗೆ ಇವು ಒಳ್ಳೆಯದು ಮಾಡುವುದಿಲ್ಲ. ಮಳೆಗಾಲದಲ್ಲಿ ಮೈಕೈ ನೋವಿನ ಜತೆ ಜ್ವರವಿದ್ದರಂತೂ ಡೆಂಗಿ ಅಲ್ಲ ಎಂದು ಗೊತ್ತಾಗುವವರೆಗೆ ಇವನ್ನು ಮುಟ್ಟಲೇಬಾರದು, ರಕ್ತಸ್ರಾವದ ಅಪಾಯವಿದೆ.

ಎಳ್ಳೆಣ್ಣೆಗೆ ನನ್ನ ವೋಟು. ಮೆಲ್ಲಗೆ ಸವರಿ, ಬಿಸಿನೀರು ಹಾಕಿಕೊಂಡರೆ ಬಿಗಿ ಸಡಿಲವಾಗುತ್ತದೆ. ಹರಿದ ಎಳೆ ಬೇಗ ಕೂಡಿಕೊಳ್ಳುವುದಿಲ್ಲ, ಆದರೆ ನಡೆಯುವ ಧೈರ್ಯ ಬರುತ್ತದೆ. ನಡೆಯುವುದೇ ಇಲ್ಲಿ ದೊಡ್ಡ ಮದ್ದು. ಅತ್ತಿಗೆಗೆ ನಾನು ಹೇಳಿದ್ದೂ ಅಷ್ಟೆ: "ಮಲಗಬೇಡಿ ಅತ್ತಿಗೆ. ಅಂಗಳದಲ್ಲಿ ಹತ್ತು ಸುತ್ತು ಹಾಕಿ, ಕೂತ್ಕೊಳ್ಳಿ, ಮತ್ತೆ ಹತ್ತು ಸುತ್ತು." ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಪೆಟ್ಟು ಬಿದ್ದ ತೊಡೆಗೆ ಮಾತ್ರ ಈ ಉಪಚಾರ ಸಲ್ಲದು. ಕಬಡ್ಡಿಯಲ್ಲಿ ಎದುರಾಳಿಯ ಮಂಡಿ ತೊಡೆಗೆ ಗುದ್ದುತ್ತದೆ. ಸ್ನಾಯು ಮೂಳೆಗೆ ಒತ್ತಿ ಜಜ್ಜಿ, ಒಳಗೆ ರಕ್ತ ಕಟ್ಟುತ್ತದೆ. ಆಗ ಮೊದಲ ಎರಡು ಮೂರು ದಿನ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ. ತಿಕ್ಕಿದರೆ ರಕ್ತ ಇನ್ನಷ್ಟು ಸೋರುತ್ತದೆ. ಕೆಲವರಲ್ಲಿ ಆ ಗಡ್ಡೆ ಕೆಲವು ವಾರಗಳಲ್ಲಿ ಸುಣ್ಣಗಟ್ಟಿ, ಸ್ನಾಯುವಿನ ನಡುವೆ ಮೂಳೆಯೇ ಬೆಳೆದುಬಿಡುತ್ತದೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ವೈದ್ಯರು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಪೆಟ್ಟು ಬಿದ್ದ ಕೂಡಲೇ ಮಂಡಿಯನ್ನು ಆದಷ್ಟೂ ಮಡಿಸಿ, ಆ ಭಂಗಿಯಲ್ಲೇ ಪಟ್ಟಿ ಸುತ್ತಿ, ಇಪ್ಪತ್ನಾಲ್ಕು ಗಂಟೆ ಇಡುವುದು. ಹಿಗ್ಗಿದ ಸ್ನಾಯು ತನ್ನ ರಕ್ತಸ್ರಾವವನ್ನು ತಾನೇ ಒತ್ತಿ ಹಿಡಿಯುತ್ತದೆ. ಇದನ್ನು ತಿಳಿದವರ ಕೈಯಲ್ಲಿ ಮಾಡಿಸಿಕೊಳ್ಳಿ. ತೊಡೆ ಕಲ್ಲಿನಂತೆ ಬಿಗಿದು, ಪಾದ ಜೋಮು ಹಿಡಿದು, ನೋವು ಗಂಟೆಗಂಟೆಗೂ ಏರುತ್ತಿದ್ದರೆ ಪಟ್ಟಿಯ ಮಾತು ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಸ್ಕಿ. ಕುಕ್ಕರಿಸುವ ಪ್ರತಿ ಸಲವೂ ತೊಡೆ ಬ್ರೇಕು ಹಾಕುತ್ತದೆ, ಅಂದರೆ ಪ್ರತಿ ಬಸ್ಕಿಯೂ ಅರ್ಧ ಹತ್ತುವುದು, ಅರ್ಧ ಇಳಿಯುವುದು. ಗರಡಿಯಲ್ಲಿ ದಿನಕ್ಕೆ ಇಷ್ಟಿಷ್ಟೇ ಏರಿಸಿ ನೂರಾರು ಹೊಡೆಯುವವರಿಗೆ ಏನೂ ಆಗುವುದಿಲ್ಲ. ರೂಢಿಯಿಲ್ಲದವರಿಗೆ ಒಮ್ಮೆಗೇ ಮುನ್ನೂರು ಹೊಡೆಸಿದರೆ ಎಳೆಗಳು ರಾಶಿಗಟ್ಟಲೆ ಒಡೆದು ಅವುಗಳೊಳಗಿನ ಮಯೊಗ್ಲೋಬಿನ್ ರಕ್ತಕ್ಕೆ ನುಗ್ಗಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಲಂಡನ್ನಿನ ಕಟ್ಟಡಗಳಡಿ ಕಾಲು ಜಜ್ಜಿಹೋದವರು ಗಾಯದಿಂದ ಬದುಕುಳಿದು, ಕೆಲವು ದಿನಗಳಲ್ಲಿ ಮೂತ್ರ ಕಟ್ಟಿ ಸತ್ತದ್ದನ್ನು ಬೈವಾಟರ್ಸ್ ಮತ್ತು ಬೀಲ್ 1941ರಲ್ಲಿ ವರದಿ ಮಾಡಿದ್ದರು. ಅದೇ ಕಾಯಿಲೆ ಬಸ್ಕಿಯಿಂದಲೂ ಬರುತ್ತದೆ. ಹಾಗೆ ಆಸ್ಪತ್ರೆ ಸೇರಿದ ವಿದ್ಯಾರ್ಥಿಗಳ, ಸೈನಿಕರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಮುಖ್ಯ ಗುರುತು: ಮೂತ್ರ ಕಡು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆದರೂ ಬಸ್ಕಿಯನ್ನು ಶಿಕ್ಷೆ ಎಂದೇ ಎಣಿಸದ ಮೇಷ್ಟ್ರುಗಳನ್ನು ನಾನು ನೋಡಿದ್ದೇನೆ.

ಬೆಟ್ಟ ಹತ್ತದೆ, ಪೆಟ್ಟು ಬೀಳದೆ, ಕಸರತ್ತೂ ಮಾಡದೆ ಬಂದ ತೊಡೆ ನೋವಿಗೆ ಬೇರೆ ಲೆಕ್ಕ. ಒಂದೇ ತೊಡೆಯಲ್ಲಿ ಆಳದ ನೋವು, ಮುಟ್ಟಿದರೆ ಮರದ ತುಂಡಿನಂತೆ ಗಟ್ಟಿ, ಜತೆಗೆ ಸಣ್ಣ ಜ್ವರ ಇದ್ದರೆ ಸ್ನಾಯುವಿನೊಳಗೆ ಕೀವು ಕಟ್ಟುತ್ತಿರಬಹುದು. ಉಷ್ಣವಲಯದ ಕಾಯಿಲೆ ಎಂದೇ ಹೆಸರಾದ ಪಯೊಮಯೊಸೈಟಿಸ್ ಇದು. ಹೆಚ್ಚಿನ ಪಾಲು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲಸ, ತೊಡೆಯೇ ಅದರ ಮೆಚ್ಚಿನ ಜಾಗ. ಆಳದಲ್ಲಿರುವುದರಿಂದ ಮೊದಲ ವಾರಗಳಲ್ಲಿ ಚರ್ಮ ಕೆಂಪಾಗುವುದಿಲ್ಲ, ಹಾಗಾಗಿ ಉಳುಕು ಎಂದುಕೊಂಡು ನೀವಿಸಿಕೊಳ್ಳುತ್ತ ಕಾಲ ಕಳೆಯುತ್ತಾರೆ. ಒಂದೇ ಕಾಲು ಉದ್ದಕ್ಕೂ ಊದಿದ್ದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಅದನ್ನೂ ನೀವಬಾರದು.

ಎರಡೂ ತೊಡೆ, ವಾರಗಟ್ಟಲೆ ಮೆಲ್ಲಮೆಲ್ಲಗೆ, ನೋವಿಗಿಂತ ನಿಶ್ಶಕ್ತಿಯೇ ಜಾಸ್ತಿ: ನೆಲದಿಂದ ಏಳಲು ಗೋಡೆ ಹಿಡಿಯಬೇಕು, ತಲೆ ಬಾಚಲು ತೋಳು ಮೇಲೇಳುವುದಿಲ್ಲ. ಕಣ್ರೆಪ್ಪೆ ನೇರಳೆಗೆ ತಿರುಗಿ, ಬೆರಳ ಗೆಣ್ಣುಗಳ ಮೇಲೆ ಗಂಧೆಯೆದ್ದಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ದೇಹದ ಕಾವಲುಪಡೆ ತನ್ನದೇ ಸ್ನಾಯುವಿನ ಮೇಲೆ ತಿರುಗಿಬಿದ್ದಿರಬಹುದು. ಇಲ್ಲಿ ಉರಿಯೂತ ಅಡುಗೆ ಒಲೆಯಲ್ಲ, ಮನೆಗೇ ಬಿದ್ದ ಬೆಂಕಿ. ಸ್ಟೀರಾಯ್ಡ್ ಕೊಟ್ಟು ಆರಿಸಲೇಬೇಕು. ವಯಸ್ಸಾಯಿತು, ಮಂಡಿ ಸವೆದಿದೆ ಎಂದುಕೊಂಡು ಇಂಥವರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಕೊಲೆಸ್ಟರಾಲಿಗೆ ಸ್ಟಾಟಿನ್ ಮಾತ್ರೆ ಶುರು ಮಾಡಿದ ಮೇಲೆ ತೊಡೆ ನೋವು ಬಂದಿದ್ದರೆ ಅದನ್ನು ನೀವೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ಹೇಳಿ.

ಅತ್ತಿಗೆಯ ನೋವು ಗುರುವಾರಕ್ಕೆ ಇಳಿಯಿತು. ನಾಲ್ಕನೇ ಶುಕ್ರವಾರ, ಅಂದರೆ ಎರಡು ವಾರ ಬಿಟ್ಟು, ಮತ್ತೆ ಹೊರಟರು. ಅದೇ ಮೆಟ್ಟಿಲು, ಅದೇ ಕುಂಕುಮದ ಬಟ್ಟಲು, ಇಳಿದದ್ದೂ ಕಾಲ್ನಡಿಗೆಯಲ್ಲೇ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮಹಡಿಯಿಂದ ಮುಖ ಮುಂದಾಗಿಯೇ ಇಳಿದು ಬಂದರು. ಒಮ್ಮೆ ಇಳಿದ ತೊಡೆ ಆ ಪಾಠವನ್ನು ಹಲವು ವಾರ ಮರೆಯುವುದಿಲ್ಲ. ಎರಡನೇ ಸಲ ಅಷ್ಟೇ ಇಳಿದರೂ ಹಾನಿ ಕಡಿಮೆ, ನೋವೂ ಕಡಿಮೆ. ಮೊದಲ ಸಲ ಇಳಿದದ್ದು ತೀರಾ ಕಡಿಮೆಯಿದ್ದರೂ ಈ ರಕ್ಷಣೆ ಒಂದಷ್ಟು ಸಿಗುತ್ತದೆ. ಹಾಗಾಗಿ ಕುಮಾರಪರ್ವತಕ್ಕೋ ಚಾಮುಂಡಿ ಬೆಟ್ಟಕ್ಕೋ ಹೊರಡುವ ಒಂದು ವಾರ ಮೊದಲು, ಲಿಫ್ಟಿನಲ್ಲಿ ಹತ್ತಿದರೂ ಪರವಾಗಿಲ್ಲ, ನಾಲ್ಕೈದು ಮಹಡಿಯನ್ನು ಕಾಲಲ್ಲಿ ಇಳಿದು ಬನ್ನಿ.